ಸುವಾರ್ತಾಸೇವೆಯಲ್ಲಿ ಸ್ತ್ರೀ–ಪುರುಷ ಭೇದ: ಕನ್ನಡ ನಾಡು, ಆಸ್ಟ್ರೇಲಿಯ

ಕನ್ನಡ ನಾಡಿನಲ್ಲಿ ಕ್ರೈಸ್ತ ಸುವಾರ್ತೆ ಯಾವ ಮನೆಯೊಳಗೆ ಹೋಯಿತು, ಯಾವ ಬಾಗಿಲಲ್ಲಿ ನಿಂತಿತು ಎಂಬುದು ಬಹುಕಾಲ ಸಾರುವವರು ಗಂಡೋ ಹೆಣ್ಣೋ ಎಂಬುದರ ಮೇಲೆ ನಿಂತಿತ್ತು. ಬೀದಿಯ ಸೇವೆ ಗಂಡಸರದು, ಮನೆಯೊಳಗಿನ ಸೇವೆ ಹೆಂಗಸರದು. ಇತಿಹಾಸದ ಪುಸ್ತಕಗಳಲ್ಲಿ ಮೊದಲನೆಯದೇ ಹೆಚ್ಚು ದಾಖಲಾಗಿರುವುದು ನ್ಯಾಯವಲ್ಲ.

1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮೂವರೂ ಗಂಡಸರು. ಸಂತೆ, ಜಾತ್ರೆ, ಪೇಟೆಬೀದಿಗಳಲ್ಲಿ ಅವರು ಬೋಧಿಸಿದರು. ಮೇಲ್ಜಾತಿಯ ಹೆಂಗಸರು ಪರಪುರುಷನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಹೀಗಾಗಿ ಮಾತು ಗಂಡಂದಿರ ಕಿವಿಗೆ ಬಿದ್ದರೆ, ಅದರ ಪರಿಣಾಮವನ್ನು ಹೆಂಡತಿಯರು ಅನುಭವಿಸಬೇಕಾಯಿತು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಭೆಯೇ ಎದ್ದಿತು. ಗಂಡ ಮತಾಂತರಗೊಂಡು ಹೆಂಡತಿ ಜೊತೆಗೆ ಬರಲೊಪ್ಪದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಎಷ್ಟು ಬಿಗಡಾಯಿಸಿತ್ತೆಂದರೆ, ಬ್ರಿಟಿಷ್ ಸರ್ಕಾರ 1866ರಲ್ಲಿ ಮತಾಂತರಿತರ ವಿವಾಹ ವಿಚ್ಛೇದನ ಕಾಯ್ದೆಯನ್ನೇ ತಂದಿತು. ಅದರಂತೆ ನ್ಯಾಯಾಧೀಶರು ಆ ಹೆಂಡತಿಯನ್ನು ಕರೆಸಿ ವಿಚಾರಿಸಬೇಕಿತ್ತು. ಆಕೆ ಒಲ್ಲೆನೆಂದರೂ ಮದುವೆಯನ್ನು ತಕ್ಷಣ ಮುರಿಯದೆ ಒಂದು ವರ್ಷ ಕಾಯಬೇಕಿತ್ತು. ಗಂಡನ ನಂಬಿಕೆ ಬದಲಾದ ಮಾತ್ರಕ್ಕೆ ಹೆಂಡತಿಯದೂ ಬದಲಾಗದೆಂದು ಆ ಕಾಲದ ಕಾನೂನೂ ಒಪ್ಪಿಕೊಳ್ಳಬೇಕಾಯಿತು.

ಮಿಷನರಿಗಳ ಮದುವೆಯೂ ಬಾಸೆಲ್ಲಿನ ಸಮಿತಿಯ ಅಪ್ಪಣೆಗೆ ಒಳಪಟ್ಟಿತ್ತು. ಯುರೋಪಿನಿಂದ ಮದುವೆಗೆಂದೇ ಹಡಗು ಹತ್ತಿ ಬಂದ ವಧುಗಳು ಇಲ್ಲಿ ಹೆಣ್ಣುಮಕ್ಕಳ ಶಾಲೆ, ವಸತಿನಿಲಯ, ಹೊಲಿಗೆ ತರಗತಿಗಳನ್ನು ನಡೆಸಿದರು. ಅವರ ದುಡಿಮೆ ಗಂಡಂದಿರ ಹೆಸರಿನ ಕೆಳಗೆ ಅಡಗಿಹೋಯಿತು.

ಲಂಡನ್ನಿನಲ್ಲಿ ಎಲೆನ್ ರೇನ್ಯಾರ್ಡ್ 1857ರಲ್ಲಿ ಆರಂಭಿಸಿದ ಬೈಬಲ್ ಸ್ತ್ರೀಯರ ಪದ್ಧತಿ ಭಾರತದ ಮಿಷನ್ನುಗಳಿಗೂ ಹರಡಿತು. 1880ರಲ್ಲಿ ಜನಾನಾದಲ್ಲಿ, ಅಂದರೆ ಮನೆಯೊಳಗೆ ಹೆಂಗಸರಿರುವ ಭಾಗದಲ್ಲಿ, ಸೇವೆ ಮಾಡಲು ಆಂಗ್ಲಿಕನ್ ಮಹಿಳೆಯರದೇ ಜನಾನಾ ಮಿಷನ್ ಸಂಘ ಹುಟ್ಟಿತು. ಅದು ಬೆಂಗಳೂರಿನಲ್ಲೂ ಕೆಲಸ ಮಾಡಿತು. ಬೈಬಲ್ ಸ್ತ್ರೀಯರಲ್ಲಿ ಸ್ಥಳೀಯ ವಿಧವೆಯರು ಬಹಳ. ಮನೆಗೆಲಸ ಮುಗಿದ ಹೊತ್ತು ನೋಡಿಕೊಂಡು ಒಳಗೆ ಹೋಗುವುದು, ಅಕ್ಷರ ಕಲಿಸುವುದು, ಹೊಲಿಗೆ ಹೇಳಿಕೊಡುವುದು, ಕೀರ್ತನೆ ಹಾಡುವುದು, ಆಮೇಲೆ ಒಂದು ಕಥೆ ಓದುವುದು. ದೀಕ್ಷಾಸ್ನಾನಗಳ ಲೆಕ್ಕದಲ್ಲಿ ಈ ಸೇವೆ ಸಣ್ಣದಾಗಿ ಕಾಣುತ್ತದೆ. ಆದರೆ ಆ ಲೆಕ್ಕದಿಂದಲೇ ಇದನ್ನು ಅಳೆದರೆ, ನಡುವಯಸ್ಸಿನಲ್ಲಿ ಓದು ಕಲಿತ ಹೆಂಗಸರು ಲೆಕ್ಕದ ಹೊರಗೇ ಉಳಿಯುತ್ತಾರೆ.

ವೈದ್ಯಸೇವೆಯ ಹಾದಿಯೂ ಇದೇ. ಗಂಡು ವೈದ್ಯರಿಗೆ ತೋರಿಸಿಕೊಳ್ಳಲು ಒಪ್ಪದ ಹೆಂಗಸರಿಗಾಗಿ ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆಯಿತು. ಮೈಸೂರಿಗರ ಬಾಯಲ್ಲಿ ಇಂದಿಗೂ ಅದು ಮಿಷನ್ ಆಸ್ಪತ್ರೆ.

ಇಷ್ಟಾದರೂ ವೇದಿಕೆಯ ಅಧಿಕಾರ ಹೆಂಗಸರ ಕೈಗೆ ಬಂದದ್ದು ತಡವಾಗಿ. ಬಾಸೆಲ್ ಮತ್ತು ವೆಸ್ಲಿಯನ್ ಪರಂಪರೆಗಳು ಬಂದು ಸೇರಿದ ದಕ್ಷಿಣ ಭಾರತ ಸಭೆ 1947ರಲ್ಲಿ ರೂಪುಗೊಂಡಿತು. ಆ ಸಭೆ ಮಹಿಳೆಗೆ ಮೊದಲ ಗುರುದೀಕ್ಷೆ ಕೊಟ್ಟದ್ದು 1976ರಲ್ಲಿ, ಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ನಂದ್ಯಾಲದಲ್ಲಿ ಅಭಿಷಿಕ್ತರಾದದ್ದು 2013ರಲ್ಲಿ.

ಇದೇ ಭೇದ ಆಸ್ಟ್ರೇಲಿಯದಲ್ಲೂ ಕಾಣುತ್ತದೆ. ಅಲ್ಲಿನ ಬ್ಯಾಪ್ಟಿಸ್ಟರು 1882ರಲ್ಲಿ ಹೊರನಾಡಿಗೆ ಕಳಿಸಿದ ಮೊದಲ ಮಿಷನರಿಗಳು ಎಲೆನ್ ಆರ್ನಲ್ಡ್ ಮತ್ತು ಮರೀ ಗಿಲ್ಬರ್ಟ್ ಎಂಬ ಇಬ್ಬರು ಮಹಿಳೆಯರು. ಅವರು ಬಂದದ್ದು ಬಂಗಾಳದ ಫರೀದ್‌ಪುರಕ್ಕೆ, ಮನೆಯೊಳಗಿನ ಹೆಂಗಸರನ್ನು ತಲುಪಲೆಂದೇ. ಹೊರನಾಡಿಗೆ ಹೆಂಗಸರನ್ನು ಕಳಿಸಿದ ಆ ದೇಶದಲ್ಲೂ ಸಭೆಯೊಳಗೆ ಹೆಂಗಸರು ಪೀಠವೇರಬಹುದೇ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. ಮೆಲ್ಬರ್ನಿನ ಆಂಗ್ಲಿಕನ್ ಡಯಾಸಿಸ್ 1992ರಲ್ಲೇ ಮಹಿಳೆಯರನ್ನು ಗುರುಗಳನ್ನಾಗಿ ಮಾಡಿತು. ಸಿಡ್ನಿ ಡಯಾಸಿಸ್ ಅವರಿಗೆ ಗುರುವಿಗಿಂತ ಕೆಳಗಿನ ಡೀಕನ್ ದೀಕ್ಷೆಯಷ್ಟೇ ಕೊಡುತ್ತದೆ. ಹೆಂಗಸರ ಕೂಟ, ಮಕ್ಕಳ ಬೋಧನೆ, ಮನೆಭೇಟಿಗಳಲ್ಲಿ ಅವರನ್ನು ತೊಡಗಿಸುತ್ತದೆ. ದಕ್ಷಿಣ ಏಷ್ಯಾದ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಪೆಂಡಲ್ ಹಿಲ್ ಉಪನಗರ ಸಿಡ್ನಿ ಡಯಾಸಿಸ್ಸಿನ ವ್ಯಾಪ್ತಿಗೆ ಸೇರಿದೆ. ಕನ್ನಡ ನಾಡಿನ ತಮ್ಮ ಊರಿನಲ್ಲಿ ಮಹಿಳಾ ಗುರುವಿನ ಕೈಯಿಂದ ಕರ್ತನ ಭೋಜನ ಸ್ವೀಕರಿಸಿ ಹೋದವರು ಅಲ್ಲಿನ ಆಂಗ್ಲಿಕನ್ ಸಭೆಗೆ ಹೋದರೆ ಆ ಕೆಲಸವನ್ನು ಗಂಡಸರೇ ಮಾಡುವುದನ್ನು ಕಾಣುತ್ತಾರೆ. 1977ರಲ್ಲಿ ಸ್ಥಾಪನೆಯಾದಾಗಿನಿಂದ ಮಹಿಳೆಯರಿಗೂ ದೀಕ್ಷೆ ಕೊಡುತ್ತಿರುವ ಆಸ್ಟ್ರೇಲಿಯದ ಯುನೈಟಿಂಗ್ ಚರ್ಚಿಗೆ ಹೋದರೆ ಅಂಥ ನಿರ್ಬಂಧ ಇಲ್ಲ.