ಹೊಸ್ತಿಲಿನಾಚೆಯ ಹೊಣೆ

ಗೃಹಸ್ಥನ ಧರ್ಮವು ಮನೆಯ ಹೊಸ್ತಿಲಿನೊಳಗೇ ಮುಗಿಯುವುದೇ, ಅಥವಾ ಬೀದಿಯವರೆಗೂ ಚಾಚುವುದೇ ಎಂಬ ಪ್ರಶ್ನೆ ಹೊಸದಲ್ಲ. ಜಗಲಿಯೂ ಅಂಗಳವೂ ಮನೆಯವರ ಸ್ವತ್ತು. ಅವುಗಳ ಮುಂದಿನ ಹಾದಿ ಊರಿನ ಸ್ವತ್ತು. ಆದರೆ ಆ ಹಾದಿಯಲ್ಲಿ ಕೆಸರು ನಿಂತರೆ, ಚಪ್ಪಡಿಯ ಮೇಲೆ ಪಾಚಿ ಬೆಳೆದರೆ, ಚರಂಡಿ ಕಟ್ಟಿಕೊಂಡರೆ ಕಷ್ಟಕ್ಕೆ ಸಿಲುಕುವವರು ನೆರೆಮನೆಯ ವೃದ್ಧರು, ಶಾಲೆಗೆ ಹೋಗುವ ಮಕ್ಕಳು, ಬಸದಿಯ ದರ್ಶನಕ್ಕೆ ಬರುವ ಯಾತ್ರಿಕರು. ಎಲ್ಲರೂ ಬಳಸುವ, ಒಬ್ಬರಿಗೂ ಸೇರದ ನೆಲದ ಹೊಣೆ ಯಾರದು? ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ಸೀಮೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಹಲವು ಉತ್ತರಗಳಿವೆ. ಅವುಗಳಲ್ಲಿ ಅನುಕರಣೀಯವಾದುದೂ ಉಂಟು, ನಾಚಿಕೆಪಡಬೇಕಾದುದೂ ಉಂಟು.

ಈ ಸೀಮೆ ಜೈನ ಚರಿತ್ರೆಗೆ ಅಪರಿಚಿತವಲ್ಲ. ಕಪಿಲಾ ನದಿಯ ದಡದ ಕಿತ್ತೂರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾದ ಕೀರ್ತಿಪುರವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಪುನ್ನಾಟ ಸಂಘಕ್ಕೆ ಸೇರಿದವರು. ಅದೇ ಸಂಘದ ಹರಿಷೇಣಾಚಾರ್ಯರು ಕ್ರಿ.ಶ. 931ರ ತಮ್ಮ ಬೃಹತ್ಕಥಾಕೋಶದಲ್ಲಿ, ಭದ್ರಬಾಹು ಮುನಿಗಳ ಕಾಲದ ಕ್ಷಾಮದಲ್ಲಿ ಮುನಿಸಂಘವು ದಕ್ಷಿಣದ ಪುನ್ನಾಟ ವಿಷಯಕ್ಕೆ ಬಂದ ಕಥೆಯನ್ನು ಹೇಳಿದ್ದಾರೆ. ಆ ಕಥೆಯೊಡನೆ ಜೈನ ಪರಂಪರೆ ಸ್ಮರಿಸುವ ಹೆಸರು ಚಂದ್ರಗುಪ್ತ ಮೌರ್ಯನದು.

ಚಂದ್ರಗುಪ್ತನ ಮಂತ್ರಿಯೆಂದು ಪ್ರಸಿದ್ಧನಾದ ಕೌಟಿಲ್ಯನ ಹೆಸರಿನಲ್ಲಿ ಉಳಿದುಬಂದಿರುವ ಅರ್ಥಶಾಸ್ತ್ರದಲ್ಲಿ ಬೀದಿಯ ವಿಚಾರ ಸ್ಪಷ್ಟವಾಗಿ ಬರುತ್ತದೆ. ಈ ಗ್ರಂಥದ ಈಗಿನ ರೂಪ ಮೌರ್ಯರಿಗಿಂತ ಈಚಿನದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆದರೂ ಅದರ ವಿಧಿಗಳು ಬಹು ಹಳೆಯವೇ ಸರಿ. ರಸ್ತೆಗೆ ಕಸ ಹಾಕಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ಕೆಸರು ನೀರು ನಿಲ್ಲಿಸಿ ದಾರಿ ಕೆಡಿಸಿದವನಿಗೆ ಪಣದ ನಾಲ್ಕನೆಯ ಒಂದು ಭಾಗ. ರಾಜಮಾರ್ಗದಲ್ಲಾದರೆ ದಂಡ ಇಮ್ಮಡಿ. ಇಲ್ಲಿ ಗಮನಿಸಬೇಕಾದುದು ದಂಡದ ಮೊತ್ತವನ್ನಲ್ಲ. ಒಣಕಸಕ್ಕಿಂತ ನಿಂತ ನೀರು ಹೆಚ್ಚಿನ ಅಪರಾಧವೆಂದು ಎಣಿಸಿದ ವಿವೇಕವನ್ನು. ಕಸವನ್ನು ದಾಟಿ ನಡೆಯಬಹುದು. ಕೆಸರು ದಾರಿಯನ್ನೇ ಮುಚ್ಚುತ್ತದೆ.

ರಾಜದಂಡದಿಂದ ಬೀದಿಯ ಕಸ ತಡೆಯಬಹುದು. ಬೀದಿಯನ್ನು ಕಾಪಾಡುವ ಕೆಲಸ ಬೇರೆಯೇ. ಅದಕ್ಕೆ ಕನ್ನಡ ನಾಡಿನ ಶಾಸನಗಳು ಕಂಡುಕೊಂಡ ಉಪಾಯ ದತ್ತಿ. ಬಸದಿಗೆ ಭೂಮಿ ಬಿಡುವಾಗ ಪೂಜೆಗೆ, ಆಹಾರದಾನಕ್ಕೆ ಎಂದು ಹೇಳುವುದರ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದುದನ್ನು ಬಿರಿದುದನ್ನು ಸರಿಪಡಿಸುವುದಕ್ಕೆ, ಎಂದು ಬರೆಸುವುದು ವಾಡಿಕೆಯಾಗಿತ್ತು. ಕೆರೆಗಳಿಗೂ ಇದೇ ವ್ಯವಸ್ಥೆ. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಬಿತ್ತುವಟ್ಟವೆಂದೂ ಕಟ್ಟುಕೊಡಗೆಯೆಂದೂ ಭೂಮಿ ಬಿಡುತ್ತಿದ್ದರು. ಹೂಳು ಹೊರುವ ಕೆರೆಬಂಡಿಯ ನಿರ್ವಹಣೆಗಾಗಿಯೂ ದತ್ತಿಗಳಿದ್ದವು. ಕಟ್ಟುವುದು ಒಂದು ದಿನದ ಪುಣ್ಯ, ಕಾಪಾಡುವುದು ನಿತ್ಯದ ಪುಣ್ಯ ಎಂಬ ತಿಳಿವಳಿಕೆ ಈ ದತ್ತಿಗಳ ಹಿಂದೆ ಇದೆ.

ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆ ಇದಕ್ಕೆ ಒಳ್ಳೆಯ ನಿದರ್ಶನ. ದೇಶಿಗಣದ ಪುಸ್ತಕಗಚ್ಛದ ಹನಸೋಗೆ ಬಳಿ ಎಂಬ ಮುನಿಪರಂಪರೆಗೆ ಹೆಸರು ಕೊಟ್ಟ ಊರು ಅದು. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಅಲ್ಲಿಯ ಬಸದಿಯನ್ನು ಮತ್ತೆ ಕಟ್ಟಿಸಿದನು. ಕ್ರಿ.ಶ. 1432ರಲ್ಲಿ ಕಾರ್ಕಳದಲ್ಲಿ ವೀರಪಾಂಡ್ಯನು ಬಾಹುಬಲಿಯನ್ನು ಪ್ರತಿಷ್ಠಾಪಿಸಿದ್ದು ಇದೇ ಪರಂಪರೆಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಇಷ್ಟು ದೂರ ಕೀರ್ತಿ ಹರಡಿದ ಹನಸೋಗೆಯಲ್ಲಿ ಹಿಂದೆ 64 ಬಸದಿಗಳಿದ್ದವೆಂಬ ಪ್ರತೀತಿಯಿದೆ; ಈಗ ಉಳಿದು ಜನರನ್ನು ಸೆಳೆಯುವುದು ಆದಿನಾಥನ ತ್ರಿಕೂಟ ಬಸದಿ. ರಾಜರ ದತ್ತಿಶಾಸನಕ್ಕೆ ಕಲ್ಲಿನ ಆಯುಷ್ಯವಿದ್ದೀತು. ಆದರೆ ಸುತ್ತಲೂ ವಾಸಿಸುವವರ ನಿತ್ಯದ ಕೈಕೆಲಸ ನಿಂತುಹೋದರೆ ಶಾಸನ ಉಳಿದೂ ಬಸದಿ ಉಳಿಯದು.

ಹಳೆಯ ಮೈಸೂರಿನಲ್ಲಿ ಈ ಹೊಣೆ ಗ್ರಾಮದ ಕಟ್ಟಳೆಯಾಗಿ ಬೆಳೆಯಿತು. ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆಯ ಕೆಳಗೂ, ಕಾವೇರಿಯ ಕಟ್ಟೆಗಳ ಕೆಳಗೂ ಬೇಸಾಯ ಮಾಡುವ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಗದ್ದೆಯವನು ತನ್ನ ಪಾಲಿನ ಕಾಲುವೆಯ ಹೂಳು ತೆಗೆಯದಿದ್ದರೆ ಅವನಿಗೆ ನಷ್ಟವೇನೂ ಇಲ್ಲ. ಒಣಗುವುದು ಕೊನೆಯ ಗದ್ದೆ. ತನ್ನ ನೆಲದ ಮುಂದಿನ ಕೆಲಸವನ್ನು ಮಾಡದವನ ದೋಷದ ಫಲವನ್ನು ಸದಾ ಇನ್ನೊಬ್ಬನೇ ಉಣ್ಣುತ್ತಾನೆ. ಆದುದರಿಂದಲೇ ಚಿಕ್ಕ ಕೆರೆಗಳ ಮಣ್ಣಿನ ಕೆಲಸ ಅಚ್ಚುಕಟ್ಟಿನ ರೈತರ ಕರ್ತವ್ಯವೆಂದು ಪರಿಗಣಿತವಾಗಿತ್ತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನನ್ನೇ ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಶ್ರಮದಾನ ಮಾಡಬೇಕೆಂಬ ಏರ್ಪಾಡಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ಊರವರೆಲ್ಲರ ಕೆಲಸ ಎಂದು ಕರೆದುದನ್ನು ಊರವರೆಲ್ಲರೂ ಮಾಡಲಿಲ್ಲ. ತೋಟಿ, ತಳವಾರ, ನೀರುಗಂಟಿ ಮೊದಲಾದವರಿಗೆ ಹುಟ್ಟಿನಿಂದಲೇ ಆ ಕೆಲಸ ಅಂಟಿಕೊಂಡಿತ್ತು. ಬಿಟ್ಟಿ ಚಾಕರಿಯ ಹೆಸರಿನಲ್ಲಿ ಕೂಲಿಯಿಲ್ಲದೆ ದುಡಿದವರು ಬಡವರು, ಅಸ್ಪೃಶ್ಯರೆನಿಸಿಕೊಂಡವರು. ಪಟ್ಟಣಗಳಲ್ಲಿ ಪುರಸಭೆಗಳು ಬಂದ ಮೇಲೆ ಮನೆಯವರ ಹೊಣೆ ಕಂದಾಯವಾಗಿ ಮಾರ್ಪಟ್ಟಿತು; ಆದರೆ ಪೊರಕೆ ಹಿಡಿದ ಕೈಗಳು ಅದೇ ಜನರವಾಗಿಯೇ ಉಳಿದವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಿದವರು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ದೇಶದ ಮಟ್ಟದಲ್ಲಿ ಅದಕ್ಕೆ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದು ಕಾನೂನು ಬೇಕಾಯಿತು. ಮನೆಯೊಳಗೂ ಇದೇ ನ್ಯಾಯ: ಮುಂಜಾನೆ ಎದ್ದು ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ಕೆಲಸ ಮನೆಯ ಹೆಂಗಸರ ಪಾಲಿಗೆ ಮಾತ್ರ ಬಂತು. ಹೀಗಿರುವಾಗ ನೆರೆಹೊರೆಯ ಹೊಣೆ ಎಂದರೆ ಇನ್ನೊಬ್ಬರಿಂದ ಮಾಡಿಸುವ ಹೊಣೆ ಎಂದು ತಿಳಿಯುವುದು ಆತ್ಮವಂಚನೆ.

ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುವುದು ಹಿಮ ಬೀಳುವ ನಾಡುಗಳಲ್ಲಿ. ಕರ್ನಾಟಕದ ಅನೇಕ ಜೈನ ಕುಟುಂಬಗಳ ಮಕ್ಕಳು ಈಗ ಅಂಥ ಊರುಗಳಲ್ಲಿ ನೆಲೆಸಿದ್ದಾರೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಗಲು ಹಿಮ ಬಿದ್ದು ನಿಂತರೆ, ಮನೆಯ ಮುಂದಿನ ಕಾಲುಹಾದಿಯನ್ನು ನಾಲ್ಕು ಗಂಟೆಗಳೊಳಗೆ ಆ ಮನೆಯವರೇ ತೆರವು ಮಾಡಬೇಕು. ತೆಗೆದ ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ. ಅಲ್ಲಿಯೂ ಕಾಲುಹಾದಿ ಸಾರ್ವಜನಿಕರದು, ಕೆಲಸ ಮನೆಯವರದು. ತನ್ನ ಬಾಗಿಲನ್ನು ಮಾತ್ರ ಚೊಕ್ಕಟಗೊಳಿಸಿ ಹಿಮವನ್ನು ನೆರೆಯವನ ಬಾಗಿಲಿಗೆ ಒಟ್ಟುವವನಿಗೂ, ತನ್ನ ಮನೆಯ ಕಸವನ್ನು ಪಕ್ಕದ ಖಾಲಿ ನಿವೇಶನಕ್ಕೆ ಎಸೆಯುವವನಿಗೂ ಭೇದವಿಲ್ಲ. ಹಿಮ ಆಕಾಶದಿಂದ ಬೀಳುತ್ತದೆ, ಯಾರ ತಪ್ಪೂ ಅಲ್ಲ. ಆದರೂ ಅದನ್ನು ತೆಗೆಯುವ ಹೊಣೆ ಒಬ್ಬನ ಮೇಲೆ ಬೀಳುತ್ತದೆ. ಹುಣಸೂರು, ಕೋಟೆ ಸೀಮೆಯ ಮುಂಗಾರಿನ ಕೆಸರಿಗೂ ಇದೇ ಮಾತು ಸಲ್ಲುತ್ತದೆ.

ಈ ಹೊಣೆಗೆ ಜೈನ ಆಚಾರಶಾಸ್ತ್ರದಲ್ಲಿ ಆಧಾರ ಹುಡುಕುವವರು ಅಹಿಂಸೆಯ ಲಕ್ಷಣದಿಂದಲೇ ಆರಂಭಿಸಬೇಕು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಾಣಘಾತವೆಂದಷ್ಟೇ ಹೇಳದೆ, ಪ್ರಮಾದದಿಂದ ಆಗುವ ಪ್ರಾಣಘಾತವೆಂದು ನಿರೂಪಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಶ್ರಾವಕನು ತ್ಯಜಿಸಬೇಕಾದ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನೂ ಸೇರಿಸಿದೆ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ನೆಲ ಅಗೆಯುವುದು, ಗಿಡ ಕಡಿಯುವುದು ಅದರೊಳಗೆ ಬರುತ್ತವೆ. ಬಚ್ಚಲ ನೀರನ್ನು ಬೀದಿಗೆ ಬಿಟ್ಟು ಮರೆಯುವ ಗೃಹಸ್ಥನು ಯಾರನ್ನೂ ಕೊಲ್ಲಬೇಕೆಂದು ಸಂಕಲ್ಪಿಸಿಲ್ಲ. ಆದರೆ ಆ ನೀರಿನಲ್ಲಿ ಹುಟ್ಟಿ ಸಾಯುವ ಜೀವಗಳಿಗೂ, ಅದರಲ್ಲಿ ಜಾರಿ ಬಿದ್ದ ಮುದುಕಿಯ ಮುರಿದ ಮೂಳೆಗೂ ಅವನ ಪ್ರಮಾದವೇ ಕಾರಣ.

ಇಲ್ಲಿ ಶ್ರದ್ಧಾವಂತ ಶ್ರಾವಕರಿಗೆ ಒಂದು ನಿಜವಾದ ಸಂದೇಹ ಬರುತ್ತದೆ. ಪಾಚಿ ಅನಂತಕಾಯ ವನಸ್ಪತಿ. ಅದನ್ನು ಕೆರೆದು, ಸುಣ್ಣವನ್ನೋ ಬ್ಲೀಚಿಂಗ್ ಪುಡಿಯನ್ನೋ ಸುರಿದು ನಾಶಪಡಿಸುವುದು ಹಿಂಸೆಯಲ್ಲವೇ? ಹಿಂಸೆಯೇ ಹೌದು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದಿದ್ದರೂ ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಈ ಸಂದೇಹದಿಂದ ಹುಟ್ಟಬೇಕಾದ ತೀರ್ಮಾನ, ಪಾಚಿಯನ್ನು ಬಿಟ್ಟುಬಿಡಬೇಕೆಂಬುದಲ್ಲ. ಅದು ಹುಟ್ಟದಂತೆ ಮುಂಚೆಯೇ ಎಚ್ಚರ ವಹಿಸಬೇಕೆಂಬುದು. ಮಳೆಗಾಲಕ್ಕೆ ಮೊದಲೇ ಸೂರಿನ ನೀರಿಗೆ ದಾರಿ ಮಾಡಿ, ಚರಂಡಿ ಬಿಡಿಸಿ, ಕುಸಿದ ಚಪ್ಪಡಿಯನ್ನು ಸಮ ಮಾಡಿದರೆ ಅಲ್ಲಿ ನೀರು ನಿಲ್ಲದು, ಪಾಚಿ ಕಟ್ಟದು, ಸೊಳ್ಳೆ ಹುಟ್ಟದು. ಮಾರ್ಚ್ ತಿಂಗಳಿನಲ್ಲಿ ಒಂದು ದಿನದ ಕೆಲಸ ಮಾಡಿದವನು ಜುಲೈ ತಿಂಗಳಿನಲ್ಲಿ ಅಸಂಖ್ಯಾತ ಜೀವಗಳ ಘಾತದಿಂದ ಪಾರಾಗುತ್ತಾನೆ. ತಡವಾಗಿ ಮಾಡಿದ ಶುಚಿಯಲ್ಲಿ ಹಿಂಸೆ ಹೆಚ್ಚು; ವೇಳೆಗೆ ಮಾಡಿದ ಶುಚಿಯಲ್ಲಿ ಕಡಿಮೆ.

ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿ ಈ ತತ್ತ್ವವನ್ನೇ ನಿತ್ಯವೂ ತೋರುತ್ತದೆ. ಕುಳಿತುಕೊಳ್ಳುವ ಮುನ್ನ ನೆಲವನ್ನು ಮೃದುವಾಗಿ ಸವರುವುದು ತಮ್ಮ ಮೈ ಕೊಳೆಯಾಗಬಾರದೆಂದಲ್ಲ, ಅಲ್ಲಿರುವ ಜೀವಕ್ಕೆ ನೋವಾಗಬಾರದೆಂದು. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಹಗಲಿನಲ್ಲಿ, ಜನ ನಡೆದಾಡಿದ ಪ್ರಾಸುಕ ಮಾರ್ಗದಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ಅಂಥ ಮಾರ್ಗ ತಾನಾಗಿ ಸಿದ್ಧವಾಗದು. ಮುನಿಗಳ ಸಮಿತಿಗೆ ಗೃಹಸ್ಥರ ಬೀದಿಯೇ ಆಧಾರ. ವಿಹಾರದ ಸುದ್ದಿ ಬಂದ ದಿನ ಮಾತ್ರ ಬೀದಿ ತೊಳೆದು ತೋರಣ ಕಟ್ಟಿ, ಮರುದಿನ ಮರೆಯುವುದು ಭಕ್ತಿಯ ಅರ್ಧಭಾಗವಷ್ಟೇ. ನಿತ್ಯವೂ ಅದೇ ಬೀದಿಯಲ್ಲಿ ನಡೆಯುವ ಕೂಲಿಯವರಿಗೂ ಕುರುಡರಿಗೂ ಬೇಕಾದುದು ಅದೇ ಹಾದಿ.

ಹುಣಸೂರು ತಾಲ್ಲೂಕಿನ ಬಿಳಿಕೆರೆ ಸಮೀಪದ ಗೊಮ್ಮಟಗಿರಿ ಈ ವಿಷಯದಲ್ಲಿ ಭರವಸೆ ಕೊಡುವ ಕ್ಷೇತ್ರ. ಬಂಡೆಯ ಮೇಲೆ ನಿಂತ ಬಾಹುಬಲಿಯ ಆ ಮೂರ್ತಿ ಬಹುಕಾಲ ಪೂಜೆ, ರಕ್ಷಣೆಗಳಿಲ್ಲದೆ ಇದ್ದು, ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಭಕ್ತರ ಆಸ್ಥೆಯಿಂದ ಮತ್ತೆ ಕ್ಷೇತ್ರವಾಗಿ ಬೆಳೆಯಿತು. ರಾಜರು ಇಲ್ಲದ ಕಾಲದಲ್ಲಿ ಹೊಣೆ ಹೊತ್ತವರು ಸಾಮಾನ್ಯ ಶ್ರಾವಕರು. ಯಾರದೂ ಅಲ್ಲವೆಂದು ಬಿಟ್ಟಿದ್ದನ್ನು ತಮ್ಮದೆಂದು ಕೆಲವರು ಎತ್ತಿಕೊಂಡಾಗ ಮಾತ್ರ ಅದು ಎಲ್ಲರದಾಗುತ್ತದೆ.

1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಪರಿಸರದ ರಕ್ಷಣೆಯೊಡನೆ ಜೀವಿಗಳ ಮೇಲಿನ ದಯೆಯೂ ಸೇರಿದೆ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಬೀದಿಗೆ ಎಸೆಯದೆ ಮನೆಯಲ್ಲಿಯೇ ವಿಂಗಡಿಸಿ ಕೊಡುವ ಹೊಣೆಯನ್ನು ಕಸ ಉಂಟುಮಾಡುವವರ ಮೇಲೆಯೇ ಹಾಕಿದವು. ಕಾನೂನು ಇಷ್ಟು ದೂರ ಬಂದಿರುವಾಗ ಧರ್ಮ ಅದಕ್ಕಿಂತ ಹಿಂದೆ ಉಳಿಯಬಾರದು. ಬಸದಿಯ ಆಡಳಿತ ಮಂಡಳಿಗಳು ವಾರ್ಷಿಕ ಲೆಕ್ಕದಲ್ಲಿ ಅಭಿಷೇಕಕ್ಕೆ, ಅನ್ನದಾನಕ್ಕೆ ಹಣ ತೆಗೆದಿಡುವಂತೆ ಬಸದಿಯ ಮುಂದಿನ ಹಾದಿಗೂ ಚರಂಡಿಗೂ ಒಂದು ಪಾಲು ತೆಗೆದಿಡಬಹುದು. ಹಿಂದಿನ ಶಾಸನಗಳ ಜೀರ್ಣೋದ್ಧಾರದ ದತ್ತಿಗೆ ಇದು ಇಂದಿನ ರೂಪ. ಆ ಕೆಲಸ ಮಾಡುವವರಿಗೆ ನ್ಯಾಯವಾದ ಕೂಲಿ, ಕೈಗವಸು, ಕುಡಿಯುವ ನೀರು ಕೊಡುವುದು ಆ ದತ್ತಿಯ ಭಾಗವೇ ಆಗಬೇಕು. ಮನೆಗಳಲ್ಲಿ ಹೆಂಗಸರ ಕೈಯ ಪೊರಕೆಯನ್ನು ಗಂಡಸರೂ ಮಕ್ಕಳೂ ಸರದಿಯ ಮೇಲೆ ಹಿಡಿಯಬೇಕು. ಪಕ್ಕದ ಮನೆಯಲ್ಲಿ ವೃದ್ಧರೋ ರೋಗಿಗಳೋ ಇದ್ದರೆ ಪೊರಕೆ ತಮ್ಮ ಗೋಡೆಯ ಅಂಚಿನಲ್ಲಿ ನಿಲ್ಲದೆ ಇನ್ನು ಹತ್ತು ಹೆಜ್ಜೆ ಮುಂದೆ ಹೋಗಬೇಕು. ಶ್ರಾವಕನ ಆಸ್ತಿಯ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಪತ್ರಗಳು ಹೇಳುತ್ತವೆ; ಅವನ ದಯೆಯ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಬೀದಿಯೇ ಹೇಳುತ್ತದೆ.