ಒಂದೇ ಮನೆ ನಡೆದ ಕಾಲಾಳು

ಇಟಗಿಯ ಮಹಾದೇವ ದೇವಾಲಯವನ್ನು ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿಗೆ ಹೋಗಿರುವ ಈ ಊರಿನಲ್ಲಿ 1112ರಲ್ಲಿ ಗುಡಿ ಕಟ್ಟಿಸಿದವನು ಮಹಾದೇವ ದಂಡನಾಯಕ. ಅವನ ದೊರೆ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಆ ದೊರೆಯ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥ ಬರೆದ. ರಾಜನೀತಿ, ಅಡುಗೆ, ಬೇಟೆ, ಸಂಗೀತ ಎಲ್ಲವೂ ಇರುವ ಆ ಗ್ರಂಥದಲ್ಲಿ ಅರಸನ ವಿನೋದಗಳ ನಡುವೆ ಚತುರಂಗಕ್ಕೂ ಜಾಗ ಸಿಕ್ಕಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಆಳಿದ ಮನೆತನವೊಂದು ಹನ್ನೆರಡನೆಯ ಶತಮಾನದಲ್ಲೇ ಈ ಆಟವನ್ನು ಬರೆದಿಡುವಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು.

ಆ ಆಟ ಇಂದಿನದಲ್ಲ. ಹಳೆಯ ಚತುರಂಗದಲ್ಲಿ ಮಂತ್ರಿ ಮೂಲೆಯಿಂದ ಮೂಲೆಗೆ ಒಂದೇ ಮನೆ ಸರಿಯುತ್ತಿದ್ದ. ಹಲಗೆಯ ಉದ್ದಗಲಕ್ಕೂ ಓಡಾಡುವ ಬಲ ಅವನಿಗೆ ಬಂದದ್ದು ಹದಿನೈದನೆಯ ಶತಮಾನದ ಕೊನೆಯ ಯೂರೋಪಿನಲ್ಲಿ. ಅಲ್ಲಿ ಅವನು ರಾಣಿಯೂ ಆದ. ಕಾಲಾಳಿಗೆ ಮೊದಲ ಹೆಜ್ಜೆಯಲ್ಲಿ ಎರಡು ಮನೆ ಜಿಗಿಯುವ ಅವಕಾಶವನ್ನು ಕೊಟ್ಟದ್ದೂ ಅದೇ ಖಂಡ. ಭಾರತದಲ್ಲಿ ಮಂತ್ರಿಯ ಹೊಸ ಬಲವನ್ನು ಒಪ್ಪಿಕೊಂಡ ಮೇಲೂ ಕಾಲಾಳು ಸಾಮಾನ್ಯವಾಗಿ ಒಂದೊಂದೇ ಮನೆ ನಡೆಯುತ್ತಿತ್ತು. ಕೆಲವು ಕಡೆ ಸಣ್ಣಪುಟ್ಟ ವಿನಾಯಿತಿಗಳಿದ್ದವು, ಅಷ್ಟೆ.

ಈ ಸಣ್ಣ ವ್ಯತ್ಯಾಸ ಆಟದ ಆರಂಭವನ್ನೇ ಬೇರೆ ಮಾಡಿತು. ಯೂರೋಪಿನ ಆಟಗಾರ ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಏಟಿಗೆ ಎರಡು ಮನೆ ನಡೆಸಿ ಹಲಗೆಯ ನಡುಭಾಗ ಹಿಡಿಯುತ್ತಾನೆ. ಇಂದಿನ ಬರವಣಿಗೆಯಲ್ಲಿ ಅದು 'ಡಿ4'. ದೇಶಿ ಆಟದಲ್ಲಿ ಹಾಗೆ ನುಗ್ಗಲು ಬಾರದು. ಆದ್ದರಿಂದ ನಮ್ಮವರು ಕಾಲಾಳುಗಳನ್ನು ಒಂದೊಂದು ಮನೆ ಸರಿಸಿ ಗೋಡೆ ಕಟ್ಟುತ್ತಿದ್ದರು. ಕುದುರೆಯ ಮುಂದಿನ ಕಾಲಾಳು ಒಂದು ಮನೆ ಸರಿದರೆ ಒಂಟೆಗೆ ಅಲ್ಲಿ ನಿಲ್ಲಲು ಜಾಗವಾಗುತ್ತದೆ. ಹಲಗೆಯ ಅಂಚಿನಲ್ಲೇ ಕುಳಿತು ಅದು ನಡುಭಾಗವನ್ನು ದೂರದಿಂದ ಕಾಯುತ್ತದೆ.

ಕಲ್ಕತ್ತೆಯಲ್ಲಿ ಈ ಎರಡು ಪದ್ಧತಿಗಳು ಎದುರುಬದುರಾದವು. ಅಲ್ಲಿ ವಕೀಲನಾಗಿದ್ದ ಜಾನ್ ಕಾಕ್ರೇನ್ ಆ ಕಾಲದ ಪ್ರಬಲ ಆಟಗಾರರಲ್ಲೊಬ್ಬ. ಬಂಗಾಳದ ಹಳ್ಳಿಗಾಡಿನಲ್ಲಿ ಸೋಲರಿಯದ ಬ್ರಾಹ್ಮಣನೊಬ್ಬನಿದ್ದಾನೆಂಬ ಸುದ್ದಿ 1848ರಲ್ಲಿ ಅವನ ಕಿವಿಗೆ ಬಿತ್ತು. ಆತನೇ ಮಹೇಶಚಂದ್ರ ಬ್ಯಾನರ್ಜಿ. ಇಬ್ಬರೂ ಮುಂದೆ ನೂರಾರು ಆಟ ಆಡಿದರು. ಬ್ಯಾನರ್ಜಿ ಯೂರೋಪಿನ ನಿಯಮಗಳನ್ನು ಕಲಿತರು, ಆದರೆ ಕೈಯ ರೂಢಿ ಬಿಡಲಿಲ್ಲ. ಎದುರಾಳಿ ನಡುಭಾಗ ಹಿಡಿಯಲಿ ಎಂದು ಬಿಟ್ಟುಕೊಟ್ಟು, ಒಂಟೆಯನ್ನು ಅಂಚಿನಲ್ಲಿ ಕೂರಿಸಿ, ಆಮೇಲೆ ಆ ನಡುಭಾಗಕ್ಕೇ ಪೆಟ್ಟು ಕೊಡುತ್ತಿದ್ದರು. ಕಾಕ್ರೇನ್ ಬರೆದಿಟ್ಟ ಕಾರಣಕ್ಕೆ ಈ ಆಟಗಳು ಉಳಿದಿವೆ. ಬ್ಯಾನರ್ಜಿಯವರ ಬದುಕಿನ ವಿವರಗಳಿಗೆ ಆ ಭಾಗ್ಯ ಬರಲಿಲ್ಲ.

ಇದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಬರುವ ದಾರಿಗಳನ್ನು ಹುಡುಕುತ್ತಿದ್ದರು. ಅವರ ಆಟದ ಮನೆಗಳು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇವೆ. ಕಲ್ಕತ್ತೆಯ ಹಲಗೆಯಿಂದ ಹೊರಟದ್ದು ಮಾತ್ರ ಜಗತ್ತಿನ ಆಟವನ್ನೇ ಬದಲಿಸಿತು.

1855ರ ಆಟವೊಂದರಲ್ಲಿ ಬ್ಯಾನರ್ಜಿ ಆಡಿದ ಮೊದಲ ಮೂರು ನಡೆಗಳಿಗೆ ಇಂದು 'ಗ್ರ್ಯೂನ್‌ಫೆಲ್ಡ್ ರಕ್ಷಣೆ' ಎಂಬ ಹೆಸರಿದೆ. ಎರ್ನ್ಸ್ಟ್ ಗ್ರ್ಯೂನ್‌ಫೆಲ್ಡ್ ಎಂಬ ಆಸ್ಟ್ರಿಯಾದ ಆಟಗಾರ ಅದನ್ನು ಬಳಕೆಗೆ ತಂದು ವಿಯೆನ್ನಾದಲ್ಲಿ ಅಲೆಖಿನ್‌ರನ್ನು ಸೋಲಿಸಿದ್ದು 1922ರಲ್ಲಿ, ಅರವತ್ತೇಳು ವರ್ಷ ತಡವಾಗಿ. ನಡುಭಾಗವನ್ನು ಕಾಲಾಳುಗಳಿಂದ ತುಂಬಲೇಬೇಕೆಂಬ ಹಳೆಯ ಪಾಠವನ್ನು ಆಗ ನಿಮ್ಜೋವಿಚ್, ರೆಟಿ ಮುಂತಾದವರು ಪ್ರಶ್ನಿಸುತ್ತಿದ್ದರು. ಡಿ4ಕ್ಕೆ ಕುದುರೆಯ ನಡೆಯಿಂದ ಉತ್ತರ ಕೊಡುವ ಆರಂಭಗಳಿಗೆಲ್ಲ 'ಇಂಡಿಯನ್' ಎಂಬ ಮಾತು ಅಂಟಿಕೊಂಡಿತು: ಕಿಂಗ್ಸ್ ಇಂಡಿಯನ್, ನಿಮ್ಜೋ ಇಂಡಿಯನ್, ಕ್ವೀನ್ಸ್ ಇಂಡಿಯನ್. ಹೀಗೆ ಹೆಸರಿನಲ್ಲಿ ದೇಶ ಉಳಿದುಕೊಂಡಿತು. ಹೆಚ್ಚು ಸಲ್ಲಬೇಕಿದ್ದ ಬ್ಯಾನರ್ಜಿಯವರ ಹೆಸರು ಎಲ್ಲೂ ಸೇರಲಿಲ್ಲ. ಆ ರೂಢಿಯನ್ನು ಹುಟ್ಟಿಸಿದ ಒಂದೇ ಮನೆಯ ನಿಯಮವೂ ಈಗ ಸ್ಪರ್ಧೆಗಳಲ್ಲಿ ಇಲ್ಲ.

ಕಿಂಗ್ಸ್ ಇಂಡಿಯನ್‌ಗೆ ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಆಟಗಾರರು ಮೆರುಗು ತಂದರು. ಕ್ಯಾಸ್ಪರೋವ್ ಕೈಯಲ್ಲಿ ಅದು ಭಯಂಕರ ಅಸ್ತ್ರವಾಗಿತ್ತು. 1990ರ ದಶಕದಲ್ಲಿ ಕ್ರಾಮ್ನಿಕ್ ಅದಕ್ಕೆ ಗಟ್ಟಿ ಉತ್ತರ ಹುಡುಕಿದರು. ಗ್ರ್ಯೂನ್‌ಫೆಲ್ಡ್ ಕೂಡ ಎಲ್ಲರನ್ನೂ ಕಾಪಾಡಲಿಲ್ಲ. 2000ದಲ್ಲಿ ಲಂಡನ್ನಿನ ವಿಶ್ವ ಪಟ್ಟದ ಪಂದ್ಯದಲ್ಲಿ ಕ್ಯಾಸ್ಪರೋವ್, 2010ರಲ್ಲಿ ಸೋಫಿಯಾದಲ್ಲಿ ವಿಶ್ವನಾಥನ್ ಆನಂದ್ ಅದನ್ನಾಡಿ ಒಂದೊಂದು ಆಟ ಸೋತರು. ಆನಂದ್ ಮರುದಿನವೇ ಬಿಳಿಯ ಕಾಯಿಗಳಲ್ಲಿ, ಡಿ4ರಿಂದಲೇ ಹೊರಡುವ ಕ್ಯಾಟಲನ್ ಆರಂಭವನ್ನಾಡಿ ಗೆದ್ದು ಸರಿಗಟ್ಟಿದರು. ಕೊನೆಗೆ ಪಟ್ಟವನ್ನೂ ಉಳಿಸಿಕೊಂಡರು.

ಈಗ ತೀರ್ಪು ಹೇಳುವುದು ಕಂಪ್ಯೂಟರ್. ಕಿಂಗ್ಸ್ ಇಂಡಿಯನ್ ಆಡಿದವರನ್ನು ಅದು ಸಲೀಸಾಗಿ ಮೆಚ್ಚುವುದಿಲ್ಲ. ಗ್ರ್ಯೂನ್‌ಫೆಲ್ಡ್ ಬಗ್ಗೆ ಅದರ ಧೋರಣೆ ಅಷ್ಟು ಕಟುವಲ್ಲ. ಎಲ್ಲರೂ ಸಾವಿರಾರು ನಡೆ ಬಾಯಿಪಾಠ ಮಾಡಿಕೊಂಡು ಬರುವ ಕಾಲದಲ್ಲಿ, ಬಿಳಿ ಕಾಯಿಯವರು ಬಾಯಿಪಾಠ ತಪ್ಪಿಸಲು ಹಳೆಯ 'ಲಂಡನ್ ಪದ್ಧತಿ'ಗೆ ಮರಳಿರುವುದು ತಮಾಷೆಯ ಸಂಗತಿ. ಹಿಂದೆ ಸಪ್ಪೆ ಎಂದು ತಳ್ಳಿಹಾಕಿದ್ದ ಈ ಆರಂಭದಿಂದ ಡಿಂಗ್ ಲಿರೆನ್ 2023ರ ವಿಶ್ವ ಪಟ್ಟದ ಆರನೆಯ ಆಟ ಗೆದ್ದರು.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್ ಅವರಿಂದ. ಚತುರಂಗವನ್ನು ಬರೆದಿಟ್ಟ ನಾಡಿಗೆ ಇದು ತಡವೇ. ಚೆನ್ನೈನ ಡಿ. ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಹದಿನೆಂಟರ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಆ ಪಂದ್ಯದ ಮೂರನೆಯ ಆಟದಲ್ಲಿ ಗುಕೇಶ್ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಡಿಂಗ್ ಮೊದಲು ಕುದುರೆ ಇಳಿಸಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕುದುರೆಯ ಮುಂದಲ್ಲ, ಅದೇ ಮಗ್ಗುಲಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಮೂವತ್ತೇಳನೆಯ ನಡೆಯ ಹೊತ್ತಿಗೆ ಅವರ ಗಡಿಯಾರದಲ್ಲಿ ಸಮಯ ಮುಗಿದಿತ್ತು.