ಗುರುವಾರದ ಸಂತೆಯಲ್ಲಿ ಒಂದು ಹಳೆಯ ರಾಜ್ಯ

ಭಾನುವಾರ ಹೈದರಾಬಾದಿನ ಅಬಿಡ್ಸ್ ರಸ್ತೆಯಲ್ಲಿ ಅಂಗಡಿಗಳ ಷಟರ್ ಇಳಿದಿರುತ್ತವೆ. ಮುಚ್ಚಿದ ಆ ಷಟರುಗಳ ಮುಂದೆ, ಫುಟ್‌ಪಾತಿನ ಮೇಲೆ, ಹಳೆಯ ಪುಸ್ತಕಗಳ ಬಜಾರು ಹರಡಿಕೊಳ್ಳುತ್ತದೆ. ಗುರುವಾರ ಪುರಾನಾಪುಲ್ ಕಡೆಯ ಜುಮ್ಮೇರಾತ್ ಬಜಾರಿನ ಸರದಿ. ಜುಮ್ಮೇರಾತ್ ಎಂದರೇ ಗುರುವಾರ. ಅಲ್ಲಿ ಬೀಗ, ಗಡಿಯಾರ, ಹಿತ್ತಾಳೆ ಪಾತ್ರೆ, ಹಳೆಯ ರೇಡಿಯೊ, ಕ್ಯಾಸೆಟ್ಟು ಎಲ್ಲವೂ ಒಂದೇ ನೆಲದ ಮೇಲೆ ಬಿದ್ದಿರುತ್ತವೆ.

ಈ ಊರಿಗೆ ಹಳೆಯ ಸಾಮಾನಿನ ವ್ಯಾಪಾರ ಹೊಸದಲ್ಲ. ಅಬಿಡ್ಸ್ ಎಂಬ ಹೆಸರೇ ಅಂಥ ಒಂದು ಕಥೆಯನ್ನು ಹೊತ್ತುಕೊಂಡಿದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಪ್ತ ಸೇವಕನಾಗಿದ್ದ ಆಲ್ಬರ್ಟ್ ಅಬಿದ್ ಅಲ್ಲಿ ಅಂಗಡಿ ಇಟ್ಟಿದ್ದ. ನಿಜಾಮರು ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲವಂತೆ. ಅವರ ಉಡುಪುಗಳನ್ನಿಡುತ್ತಿದ್ದ ಸುಮಾರು 176 ಅಡಿ ಉದ್ದದ ಮರದ ಕಪಾಟು ಪುರಾನಿ ಹವೇಲಿಯಲ್ಲಿ ಇಂದಿಗೂ ಇದೆ. ಅರಮನೆಯಲ್ಲಿ ಬೇಡವಾದ ವಸ್ತುಗಳು ಅಬಿದನ ಅಂಗಡಿಗೆ ಬಂದು, ಅಲ್ಲಿಂದ ಶ್ರೀಮಂತರ ಮನೆ ಸೇರುತ್ತಿದ್ದವು ಎಂದು ಊರವರು ಹೇಳುತ್ತಾರೆ. ಅಂಗಡಿ ಹೋಯಿತು, ಹೆಸರು ಉಳಿಯಿತು.

ಅರಮನೆಯ ಸಾಮಾನು ರಾಜನಿಗೆ ಬೇಸರವಾದಾಗ ಹೊರಬೀಳುತ್ತಿತ್ತು. ಸಾಮಾನ್ಯರ ಮನೆಯ ಸಾಮಾನು ಹೊರಬೀಳುವುದು ಬೇರೆ ಸಂದರ್ಭಗಳಲ್ಲಿ: ಹಿರಿಯರು ತೀರಿಕೊಂಡಾಗ, ಹಳೆಯ ಮನೆ ಕೆಡವಿದಾಗ, ಫ್ಲಾಟಿಗೆ ಹೋಗುವಾಗ ಜಾಗ ಸಾಲದೆ ಬಂದಾಗ. ಆಗ ಮೊದಲು ಗುಜರಿಯವನ ಗಾಡಿ ಹತ್ತುವುದು ಯಾರೂ ಬಳಸದ ವಸ್ತು. ಮೂಲೆಯಲ್ಲಿ ದೂಳು ಹಿಡಿದ ಗ್ರಾಮಾಫೋನು ಮತ್ತು ಅದರ ತಟ್ಟೆಗಳು ಅಂಥವೇ.

ಭಾರತದಲ್ಲಿ ಗ್ರಾಮಾಫೋನ್ ತಟ್ಟೆಗಳ ಧ್ವನಿಮುದ್ರಣ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲು ಆ ಕೂಗು ಬೇಕಿತ್ತು. ಅರಗು ಮತ್ತು ಕಲ್ಲಿನ ಪುಡಿಯಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಕೈ ಜಾರಿದರೆ ಚೂರು. ಹಾಗಾಗಿ ಮಕ್ಕಳಿಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಚಾವಿ ತಿರುಗಿಸಲು ಸಿಕ್ಕರೆ ಅದೇ ದೊಡ್ಡ ಭಾಗ್ಯ. ಕೈಗೆ ಸಿಗದ ವಸ್ತುವಿನ ಮೇಲೆ ಮಕ್ಕಳ ಮನಸ್ಸು ಹೆಚ್ಚು. ಅದರ ಕರಕರ ಸದ್ದು ಅರವತ್ತು ಎಪ್ಪತ್ತು ವರ್ಷವಾದರೂ ಕಿವಿಯಲ್ಲಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಹೈದರಾಬಾದಿನಲ್ಲಿ ಇಂಥ ತಟ್ಟೆಗಳ ರಾಶಿಗೆ ಇನ್ನೊಂದು ಅರ್ಥವಿದೆ. 1948ರವರೆಗೆ ಇದು ಹದಿನಾರು ಜಿಲ್ಲೆಗಳ ರಾಜ್ಯವೊಂದರ ರಾಜಧಾನಿ: ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಬೀದರ, ಗುಲಬರ್ಗಾ, ರಾಯಚೂರಿನ ಹುಡುಗರು ಓದಲು, ನೌಕರಿ ಮಾಡಲು ಬರುತ್ತಿದ್ದದ್ದು ಇಲ್ಲಿಗೇ. ಹೊರಗೆ ಉರ್ದು, ಮನೆಯಲ್ಲಿ ಕನ್ನಡ, ನೆರೆಮನೆಯವರೊಡನೆ ತೆಲುಗು ಆಡುತ್ತ ಬೆಳೆದ ಮಕ್ಕಳಿಗೆ ಸಂಗೀತವೂ ಹಾಗೆಯೇ ಬೆರೆತು ಬಂತು. ಬಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ತಟ್ಟೆಯ ಮೇಲಿನ ಅವರ ಹೆಸರು ಅಮೀರಬಾಯಿ ಕರ್ನಾಟಕಿ. ಹಾಡು ಹಿಂದಿಯದು, ಹೆಸರು ನಮ್ಮ ಕಡೆಯದು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಬಂದಾಗ ಅವುಗಳ ಮೇಲಿದ್ದ ಹೆಸರು ಗಾಂಧಾರಿ.

ರೇಡಿಯೊದ ಕಥೆಯೂ ಅದೇ ಕಾಲದ್ದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಆಕಾಶವಾಣಿ ಶುರುವಾಯಿತು. ಅದೇ ವರ್ಷ ಹೈದರಾಬಾದಿನಲ್ಲಿ ನಿಜಾಮ ಸರ್ಕಾರದ ರೇಡಿಯೊ ನಡೆಯತೊಡಗಿತು. ಮುಂದೆ ಡೆಕ್ಕನ್ ರೇಡಿಯೊ ಎಂದು ಹೆಸರಾದ ಅದರಲ್ಲಿ ಉರ್ದುವಿಗೇ ಅಗ್ರಸ್ಥಾನ. ತೆಲುಗು, ಮರಾಠಿ, ಕನ್ನಡಕ್ಕೂ ಒಂದಿಷ್ಟು ಹೊತ್ತು. ಕಲಾವಿದರು ಸ್ಟುಡಿಯೊದಲ್ಲಿ ಕುಳಿತು ಹಾಡುತ್ತಿದ್ದರು, ಅದು ಆ ಕ್ಷಣವೇ ಗಾಳಿಯಲ್ಲಿ ಹೋಗುತ್ತಿತ್ತು. ಟೇಪು ಬರುವ ಮುಂಚಿನ ಆ ಹಾಡುಗಾರಿಕೆಯಲ್ಲಿ ಹೆಚ್ಚಿನದು ಕೇಳಿದವರ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಆ ನೆನಪು ಬರೀ ಸಿಹಿಯೂ ಅಲ್ಲ. ಹಾಡು ಕೇಳಿಸುತ್ತಿದ್ದ ಪೆಟ್ಟಿಗೆಯೇ 1948ರಲ್ಲಿ ರಜಾಕಾರರ ಪರ ಪ್ರಚಾರವನ್ನೂ ಮನೆಯೊಳಗೆ ತಂದಿತು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯ ಕೊನೆಗೆ ಏಳನೆಯ ನಿಜಾಮರು ಪ್ರಜೆಗಳೊಡನೆ ಮಾತಾಡಿದ್ದೂ ಅದರಲ್ಲೇ. ಊರು ಬಿಟ್ಟು ಓಡಿದ ಮನೆಯ ಮಗುವಿಗೂ, ಆಮೇಲಿನ ಹಿಂಸೆಯಲ್ಲಿ ತಂದೆಯನ್ನು ಕಳೆದುಕೊಂಡ ಮನೆಯ ಮಗುವಿಗೂ ಹಳೆಯ ವಾಲ್ವ್ ರೇಡಿಯೊ ಕಂಡಾಗ ನೆನಪಾಗುವುದು ಹಾಡು ಮಾತ್ರವಲ್ಲ, ದೊಡ್ಡವರು ಒಮ್ಮೆಲೇ ಮೌನವಾದದ್ದೂ ಹೌದು.

1950ರ ಏಪ್ರಿಲ್ 1ರಂದು ಆಕಾಶವಾಣಿ ಆ ಕೇಂದ್ರವನ್ನು ವಹಿಸಿಕೊಂಡಿತು. 1956ರ ನವೆಂಬರ್ 1ರಂದು ರಾಜ್ಯವೇ ಮೂರು ಪಾಲಾಗಿ, ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕನ್ನಡಿಗರ ಬಹುಕಾಲದ ಕನಸು ಕೈಗೂಡಿತು. ಆದರೆ ಕಾಚಿಗುಡದ ಗಲ್ಲಿಗಳಲ್ಲಿ ಮನೆ ಮಾಡಿದ್ದವರ ಪಾಲಿಗೆ, ತಮ್ಮದೇ ರಾಜಧಾನಿಯಾಗಿದ್ದ ಊರು ಒಂದೇ ದಿನದಲ್ಲಿ ಪರರಾಜ್ಯದ ಊರಾಯಿತು. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಉಳಿದುಕೊಂಡವು. ಅತ್ತ ಗುಲಬರ್ಗಾಕ್ಕೆ ತನ್ನದೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ.

ಮುಂದೆ ಕ್ಯಾಸೆಟ್ ಬಂತು. 1970, 80ರ ದಶಕಗಳಲ್ಲಿ ಹೈದರಾಬಾದಿನಿಂದ ಗಲ್ಫಿಗೆ ದುಡಿಯಲು ಹೋದವರು ಟೂ-ಇನ್-ಒನ್ ತಂದರು, ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದರು. ಗ್ರಾಮಾಫೋನ್ ತಟ್ಟೆಯನ್ನು ಎಷ್ಟೋ ಪ್ರತಿ ಅಚ್ಚು ಹಾಕುತ್ತಿದ್ದರು. ಒಂದು ಮನೆಯದು ಹೋದರೆ ಇನ್ನೊಂದು ಮನೆಯಲ್ಲಿ ಸಿಕ್ಕೀತು. ಅಪ್ಪ ಮಕ್ಕಳ ಹೆಸರು ಹಿಡಿದು ಕರೆದ ಕ್ಯಾಸೆಟ್ಟು ಒಂದೇ ಒಂದು. ಅದರ ಮೇಲೆ ಇನ್ನೊಂದು ಹಾಡು ತುಂಬಿದರೆ ಅಲ್ಲಿಗೆ ಮುಗಿಯಿತು.

ಸಂತೆಯಲ್ಲಿ ಕೊಳ್ಳುವವನಿಗೆ ಹಾಡು ಸಿಗುತ್ತದೆ, ಅದನ್ನು ಕೇಳುತ್ತಿದ್ದ ಮನೆ ಸಿಗುವುದಿಲ್ಲ. ತಟ್ಟೆಯ ಕಾಗದದ ಚೀಲದ ಮೇಲೆ ಅಂಗಡಿಯ ಮೊಹರು, ಮಸಿಯಲ್ಲಿ ಬರೆದ ಒಂದು ಹೆಸರು ಇದ್ದರೆ ಇದ್ದೀತು. ಅದು ಯಾವ ಗಲ್ಲಿಯ ಮನೆ, ಸಂಜೆ ಎಷ್ಟು ಮಂದಿ ಅಂಗಳದಲ್ಲಿ ಕೂಡುತ್ತಿದ್ದರು ಎಂಬುದನ್ನು ಹೇಳಬಲ್ಲವರು ಬೇರೆ. ಡೆಕ್ಕನ್ ರೇಡಿಯೊದ ಕನ್ನಡ ಕೇಳಿದ ಮಕ್ಕಳಲ್ಲಿ ತೀರ ಚಿಕ್ಕವರಿಗೂ ಈಗ ಎಂಬತ್ತು ದಾಟಿದೆ. ಗುಜರಿಯವನನ್ನು ಕರೆಯುವ ಮೊದಲು ಅಂಥವರ ಎದುರು ಆ ತಟ್ಟೆ ಒಮ್ಮೆ ತಿರುಗಿದರೆ ಸಾಕು. ಹಾಡು ಮೂರು ನಿಮಿಷದ್ದು. ಆಮೇಲಿನ ಮಾತಿಗೆ ಒಂದು ಇಡೀ ಸಂಜೆ ಬೇಕಾದೀತು.